ಒಂದನೇದಾ, ಎರಡನೇದಾ?

ಮೇಸ್ತ್ರಿ ಮಿಲ್ಲಿನ ಕೆಲಸದಿಂದ ನಿವೃತ್ತನಾದ ಮೂರನೇ ದಿನವೇ ಅವನ ಹೆಂಡತಿ ಟೈಲರಮ್ಮನ ಮೇಜು ಗೋಡೆಗೆ ಹೋಗಿ ಅಂಟಿಕೊಂಡಿತು. ಅವಳು ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಗುಂಡಿ, ದಾರ, ಒಂದು ಚೀಲ ಹಸಿ ಬಟಾಣಿ ತೆಗೆದುಕೊಂಡು ಬರುವಷ್ಟರಲ್ಲಿ ಮುಂದಿನ ಕೋಣೆಯ ಚಹರೆಯೇ ಬದಲಾಗಿತ್ತು. ಸೊಂಟದೆತ್ತರದ ಎರಡು ಮರದ ಪೆಟ್ಟಿಗೆಗಳು ಕಾವಲುಗಾರರ ಹಾಗೆ ನಿಂತಿದ್ದವು. ಒಂದೊಂದರ ಎದೆಯಲ್ಲೂ ಊಟದ ತಟ್ಟೆಯಷ್ಟು ಅಗಲದ ಒಂದೊಂದು ಕಾಗದದ ಬಟ್ಟಲು. ಅವಳ ಇಸ್ತ್ರಿಪೆಟ್ಟಿಗೆ ಇರಬೇಕಾದ ಜಾಗದಲ್ಲಿ, ತಿಜೋರಿಯಷ್ಟು ಭಾರದ ಕಪ್ಪು ಆಂಪ್ಲಿಫೈಯರ್, ಅದರ ಪಕ್ಕಕ್ಕೆ ರೆಕಾರ್ಡ್ ಪ್ಲೇಯರ್ ಕೂತಿದ್ದವು.

"ಇದೇನ್ರೀ?"

"ಸ್ಪೀಕರ್ರು."

"ಅದು ಕಾಣ್ತಾ ಇದೆ. ನನ್ನ ಮೇಜು ಯಾಕೆ ಗೋಡೆಗೆ ಹೋಯ್ತು ಅಂತ ಕೇಳ್ದೆ."

"ಎಂಟು ಇಂಚು," ಎಂದ ಮೇಸ್ತ್ರಿ, ಹೊಸ ಅಳಿಯನನ್ನು ಪರಿಚಯಿಸುವ ಮಾವನ ಹಾಗೆ ಪೆಟ್ಟಿಗೆಯ ಬೆನ್ನು ತಟ್ಟುತ್ತಾ. "ಬೇರೆ ಸ್ಪೀಕರಲ್ಲಿ ದಪ್ಪ ಸ್ವರಕ್ಕೊಂದು, ಸಣ್ಣ ಸ್ವರಕ್ಕೊಂದು ಅಂತ ಎರಡು ಮೂರು ಕೋನು, ಅಂದ್ರೆ ಈ ಬಟ್ಟಲು, ಇರುತ್ತೆ. ಇದರಲ್ಲಿ ಎಲ್ಲಾನೂ ಒಂದೇ ಕೋನು ಹಾಡುತ್ತೆ. ಹಾಡೋಳಿಗೆ ಒಂದೇ ಬಾಯಿ ತಾನೆ? ಸದ್ದೂ ಒಂದೇ ಕಡೆಯಿಂದ ಬರ್ಬೇಕು."

ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ, ಅಂದರೆ ಮೇಸ್ತ್ರಿಯ ತಾಯಿ, ಬಟಾಣಿಯ ಚೀಲಕ್ಕೆ ಕೈ ಚಾಚಿದಳು. ಎಂಬತ್ತೆರಡು ವರ್ಷ, ಮೊಣಕಾಲು ಹೋಗಿದ್ದವು, ಹಲ್ಲು ಹೋಗಿದ್ದವು, ಕಿವಿ ಮಾತ್ರ ಇಲಿಯ ಕಿವಿ. "ಬಾಯಿ ಒಂದೇ ಇರ್ಲಿ ಬಿಡೇ, ಯಾವಾಗ ಮುಚ್ಚುತ್ತೆ ಅನ್ನೋದು ಮುಖ್ಯ," ಎಂದಳು.

ಟೈಲರಮ್ಮ ಅವತ್ತು ಹೆಚ್ಚು ಮಾತಾಡಲಿಲ್ಲ. ಮೂವತ್ತೆಂಟು ವರ್ಷ ಮಿಲ್ಲಿನ ಮಗ್ಗದ ಮನೆಯಲ್ಲಿ ದುಡಿದ ಮನುಷ್ಯ. ಮೊದಲು ಕೂಲಿಯಾಗಿ, ಆಮೇಲೆ ಅರವತ್ತು ಮಗ್ಗಗಳ ಮೇಸ್ತ್ರಿಯಾಗಿ. ಮಂಚದ ಕೆಳಗಿನ ಟ್ರಂಕಿನಲ್ಲಿ ಅವನ ನೂರಾ ಹತ್ತು ರೆಕಾರ್ಡುಗಳಿದ್ದವು. ಅಗ್ಗಕ್ಕೆ ಸಿಕ್ಕಾಗಲೆಲ್ಲ ಒಂದೊಂದು ಕೊಂಡು ತಂದು, ಒರೆಸಿ, ಕಾಗದ ಸುತ್ತಿ ಇಟ್ಟದ್ದು. ಕೇಳಲು ಸರಿಯಾದ ಯಂತ್ರವಿರಲಿಲ್ಲ. ನಿವೃತ್ತಿ ಆಗಲಿ, ಕೂತು ಕೇಳ್ತೀನಿ ಅಂತ ಮದುವೆಯಾದ ವರ್ಷದಿಂದ ಹೇಳುತ್ತಿದ್ದ. ಆ ಆಸೆ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ತನ್ನ ಮೇಜಿನ ಮೇಲೆ ಸವಾರಿ ಮಾಡುತ್ತದೆ ಅಂತ ಅವಳು ಎಣಿಸಿರಲಿಲ್ಲ.

ಮೇಸ್ತ್ರಿ ಮೊದಲ ರೆಕಾರ್ಡು ಹಾಕಿದ. ಹೆಂಗಸೊಬ್ಬಳ ಹಾಡು. ಎರಡು ಸಾಲು ಹಾಡುವಷ್ಟರಲ್ಲಿ ಟೈಲರಮ್ಮನ ಹಲ್ಲು ಜುಂ ಎಂದವು. ಹಾಡಿನಲ್ಲಿ 'ಸ' ಬಂದಾಗಲೆಲ್ಲ ಯಾರೋ ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು.

"ಆ ಹೆಣ್ಣಿಗೆ ಯಾರಾದ್ರೂ ನೀರು ಕೊಡ್ರೋ," ಎಂದಳು ಅಜ್ಜಿ. "ಗಂಟಲು ಒಣಗಿ ಹೋಗಿದೆ."

ಮೇಸ್ತ್ರಿಯ ಕಣ್ಣು ಅರೆ ಮುಚ್ಚಿದ್ದವು. "ಎಷ್ಟು ಸ್ಪಷ್ಟ!" ಎಂದ.

ಅದು ಶಾಲೆ ಶುರುವಾಗುವ ಕಾಲ. ಟೈಲರಮ್ಮನಿಗೆ ಅರವತ್ತು ಸಮವಸ್ತ್ರದ ಕೆಲಸ ಬಂದಿತ್ತು. ಮೇಜಿನ ನಾಲ್ಕೂ ಕಡೆ ಓಡಾಡಿ ಬಟ್ಟೆ ಕತ್ತರಿಸುವುದು ಅವಳ ಇಪ್ಪತ್ತಾರು ವರ್ಷದ ಅಭ್ಯಾಸ. ಈಗ ಒಂದು ಕಡೆಯಿಂದ ಮಾತ್ರ ಕೈ ಹಾಕಬಹುದು. ದೊಡ್ಡ ಕಟ್ಟು ಬಟ್ಟೆ ತಿರುಗಿಸಬೇಕಾದರೆ ಸ್ಪೀಕರಿಗೆ ಮೊಣಕೈ ತಗಲುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಶುರುವಾದ ಹಾಡು ಮಧ್ಯಾಹ್ನದ ಊಟಕ್ಕೆ ನಿಂತು ಮತ್ತೆ ಸಂಜೆಯವರೆಗೆ ನಡೆಯುತ್ತಿತ್ತು. ಅಳತೆ ಕೊಡಲು ಬಂದ ಹೆಂಗಸರು ಮಾತು ಮುಗಿಸಿ ಬೇಗ ಬೇಗ ಹೊರಟುಬಿಡುತ್ತಿದ್ದರು. ಒಬ್ಬಳಂತೂ, "ಟೈಲರಮ್ಮ, ನಿಮ್ಮ ಮನೇಲಿ ಗರಗಸಕ್ಕೆ ಸಾಣೆ ಹಿಡಿಯೋ ಕೆಲಸ ನಡೀತಾ ಇದೆಯಾ?" ಎಂದೇ ಕೇಳಿದಳು.

ಎರಡನೇ ವಾರ ಊಟಕ್ಕೆ ಕೂತಾಗ ಜಗಳ ಬಂತು. ಮಗಳು ಕೆಲಸ ಮುಗಿಸಿ ಆಗ ತಾನೆ ಬಂದಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಿಸಿ ಬದಲಿಸಿ ಅವಳಿಗೆ ತಾಳ್ಮೆ ಹೆಚ್ಚು.

"ನಾಳೆ ಸ್ವಲ್ಪ ಸದ್ದು ತಗ್ಗಿಸಿ," ಎಂದಳು ಟೈಲರಮ್ಮ, ಒಲೆಯ ಕಡೆ ತಿರುಗಿ ಸೊಪ್ಪಿನ ಪಾತ್ರೆ ಇಳಿಸುತ್ತಾ.

ಮೇಸ್ತ್ರಿ ಅನ್ನ ಕಲಸುತ್ತಿದ್ದ. ಕಲಸುತ್ತಲೇ ಇದ್ದ.

"ನೋಡಿದ್ಯಾ ಮಗಳೇ? ನಾನು ಗೋಡೆ ಜೊತೆ ಮಾತಾಡ್ತಾ ಇದ್ದೀನಿ. ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ಮಾತು ಈ ಮನುಷ್ಯನ ಕಿವಿಗೆ ಬಿದ್ದಿದ್ದು ಯಾವತ್ತು?"

"ನೀನು ಗೊಣಗ್ತೀಯ," ಎಂದ ಮೇಸ್ತ್ರಿ ತಲೆ ಎತ್ತಿ. "ಏನಿದ್ರೂ ಬಾಯಿ ಬಿಟ್ಟು ಹೇಳು."

"ಬಾಯಿ ಬಿಟ್ಟು ಹೇಳಿದ್ರೆ ಕಿರುಚ್ತೀಯ ಅಂತೀರಿ!"

"ಈಗ ಕಿರುಚ್ತಾನೇ ಇದ್ದೀಯ."

ಅಜ್ಜಿ ತಟ್ಟೆ ಮುಂದೆ ತಳ್ಳಿದಳು. "ಇಬ್ರೂ ಸುಮ್ನಿರಿ. ಬೇಕಾದ್ರೆ ಆ ಪೆಟ್ಟಿಗೇನ ಊಟಕ್ಕೆ ಕರೀರಿ, ಅದಕ್ಕಾದ್ರೂ ಹಾಡೋಕೆ ಶಕ್ತಿ ಬರ್ಲಿ."

ಮರುದಿನ ಟೈಲರಮ್ಮ ಕತ್ತರಿ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಸ್ಪೀಕರ್ರು ಮಾರಿದ ವಾಲ್ವಣ್ಣನ ಅಂಗಡಿಗೆ ನೇರವಾಗಿ ಹೋದಳು. ಗಾಜಿನ ಬುರುಡೆಯ ಹಳೆಯ ವಾಲ್ವು ರೇಡಿಯೋಗಳನ್ನು ಇಂದಿಗೂ ರಿಪೇರಿ ಮಾಡುವ ಒಬ್ಬನೇ ಮನುಷ್ಯನಾದ್ದರಿಂದ ಬೀದಿಯವರೆಲ್ಲ ಅವನನ್ನು ಹಾಗೇ ಕರೆಯುತ್ತಿದ್ದರು. ಅಂಗಡಿ ಎಂದರೆ ಸೈಕಲ್ ಶಾಪಿಗೂ ಬೇಕರಿಗೂ ನಡುವಿನ ಸಂದು. ಗೋಡೆಯ ತುಂಬ ವೈರು, ಕಾಯಿಸಿದ ಬೆಸುಗೆಯ ವಾಸನೆ, ಅದರೊಳಗೆ ಬೇಕರಿಯ ಬ್ರೆಡ್ಡಿನ ಪರಿಮಳ.

"ಆ ಸ್ಪೀಕರ್ರು ವಾಪಸ್ ತಗೊಳ್ಳಿ," ಎಂದಳು ಟೈಲರಮ್ಮ, ಕೂತುಕೊಳ್ಳದೆ.

ವಾಲ್ವಣ್ಣ ಕನ್ನಡಕ ಹಣೆಗೇರಿಸಿದ. "ನಾನು ಬೇಡ ಅಂದಿದ್ದೆ ತಾಯಿ. ಮೂರು ಜೊತೆ ಕೇಳಿಸ್ದೆ. ಬೇರೆಯವರೆಲ್ಲ ಮುಖ ಸಿಂಡರಿಸೋ ಜೊತೇನೇ ಮೇಸ್ತ್ರಿ ಹಿಡ್ಕೊಂಡ್ರು. ಇದೇ ಸ್ಪಷ್ಟ ಅಂದ್ರು." ಅವನು ಅಂಥದ್ದೇ ಒಂದು ಕೋನನ್ನು ಎತ್ತಿ ತೋರಿಸಿದ. ದೊಡ್ಡ ಬಟ್ಟಲಿನ ನಡುವೆ ಒಂದು ಮರಿ ಬಟ್ಟಲು ಅಂಟಿಸಿತ್ತು. "ಈ ಮರಿ ಇದೆಯಲ್ಲ, ಇದು ಸಣ್ಣ ಸ್ವರಾನ ಎತ್ತಿ ಎತ್ತಿ ಕೊಡುತ್ತೆ. ಕೆಲವರಿಗೆ ಅದು ಅತಿಯಾಗುತ್ತೆ. ಇಲ್ಲಿ ನೋಡಿ, ಇದರಲ್ಲಿ ಮರಿ ಇಲ್ಲ. ಬರೀ ಕಾಗದ. ಮೆತ್ತಗೆ ಮಾತಾಡುತ್ತೆ."

"ಮತ್ತೆ ಆ ಕಪ್ಪು ಭೂತ?"

"ಆಂಪ್ಲಿಫೈಯರಾ? ಅದು ನನ್ನ ಅಂಗಡೀದಲ್ಲಪ್ಪ. ಎಲ್ಲೋ ಮುಚ್ಚಿಹೋದ ಸಭಾಂಗಣದ್ದು ತಂದಿದ್ದಾರೆ. ನೂರು ವಾಟ್. ಈ ಸ್ಪೀಕರಿಗೆ ಮೂರು ವಾಟ್ ಸಿಕ್ಕಿದ್ರೆ ನಿಮ್ಮ ಮುಂದಿನ ಕೋಣೆ ತುಂಬುತ್ತೆ."

"ಅಂದ್ರೆ ಮಸ್ಲಿನ್ ಬಟ್ಟೆಗೆ ಗೋಣಿ ಹೊಲಿಯೋ ಸೂಜಿ ಹಾಕಿದ್ದಾರೆ ಅನ್ನಿ."

ವಾಲ್ವಣ್ಣನ ಮುಖ ಅರಳಿತು. ಇಷ್ಟು ವರ್ಷದಲ್ಲಿ ಅವನ ಮಾತು ಇಷ್ಟು ಬೇಗ ಅರ್ಥ ಮಾಡಿಕೊಂಡ ಗಿರಾಕಿ ಸಿಕ್ಕಿರಲಿಲ್ಲವೇನೋ. "ಅದೇ ನೋಡಿ! ಬರೀ ಜೋರಿನ ಮಾತಲ್ಲ ತಾಯಿ. ಆ ದೊಡ್ಡದು ಕೋನನ್ನ ಬಿಗಿಯಾಗಿ ಹಿಡ್ಕೊಂಡಿರುತ್ತೆ. ಭಾರದ ಕೋನಿಗೆ ಆ ಬಿಗಿ ಬೇಕು. ಈ ಹಗುರದ್ದಕ್ಕೆ ಹಾಗೆ ಹಿಡಿದ್ರೆ ದಪ್ಪ ಸ್ವರ ಒಣಗುತ್ತೆ, ಉಳಿಯೋದು ಬರೀ ಕೀರಲು. ವಾಲ್ವಿನ ಚಿಕ್ಕ ಆಂಪ್ಲಿಫೈಯರು ಒಂದು ಚೂರು ಸಡಿಲ ಬಿಡುತ್ತೆ. ಇದಕ್ಕೆ ಅಷ್ಟೇ ಬೇಕಾಗಿರೋದು. ಕೂತ್ಕೊಳ್ಳಿ, ಕೇಳಿಸ್ತೀನಿ."

ಅವನು ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡ ಒಂದು ಯಂತ್ರದ ಗುಂಡಿ ಒತ್ತಿದ. ಎರಡು ಗಾಜಿನ ಬುರುಡೆಗಳು ನಿಧಾನವಾಗಿ ಕೆಂಪಾದವು. ಆಮೇಲೆ ಒಬ್ಬ ಗಂಡಸು ಹಾಡತೊಡಗಿದ. ಹಾಡತೊಡಗಿದ ಎನ್ನುವುದಕ್ಕಿಂತ, ಎದುರಿನ ಸ್ಟೂಲಿನ ಮೇಲೆ ಬಂದು ಕೂತ ಎನ್ನಬೇಕು. ಸಾಲಿನ ಕೊನೆಗೆ ಅವನು ಉಸಿರೆಳೆದುಕೊಂಡದ್ದು, ತುಟಿ ಒಂದಕ್ಕೊಂದು ತಾಗಿದ್ದು, ಎಲ್ಲ ಅವಳಿಗೆ ಕೇಳಿಸಿತು. ಬೈಯಲು ಬಂದ ಟೈಲರಮ್ಮ ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ಎದ್ದಾಗ, "ಇನ್ನೊಂದು ಹಾಡು ಇದೆಯಾ?" ಎಂದು ಕೇಳಿ ಮತ್ತೆ ಕೂತಳು.

"ಭಾನುವಾರ ನಾನೇ ತಂದು ಇಡ್ತೀನಿ," ಎಂದ ವಾಲ್ವಣ್ಣ. "ಒಂದು ವಾರ ಮನೇಲಿ ಕೇಳಿ. ಆದ್ರೆ ಮೇಸ್ತ್ರಿ ಒಪ್ಪಬೇಕು."

ಮೇಸ್ತ್ರಿ ಒಪ್ಪಲಿಲ್ಲ. "ನಾನು ಅಲ್ಲೇ ಕೂತು ಕೇಳಿ ಆರಿಸಿದ್ದು. ನನಗಿಂತ ನಿನಗೆ ಜಾಸ್ತಿ ಗೊತ್ತಾ?" ಎಂದು ಹೆಂಡತಿಯ ಮೇಲೆ ರೇಗಿದ. ದಾರಿ ತೋರಿಸಿದ್ದು ಮಗಳು.

"ಅಪ್ಪ, ನಮ್ಮ ಅಂಗಡೀಲಿ ಯಾರ ಮಾತನ್ನೂ ನಾವು ನಂಬಲ್ಲ. ಒಂದು ಗಾಜು ಇಡ್ತೀವಿ, ತೆಗೆದು ಇನ್ನೊಂದು ಇಡ್ತೀವಿ. ಒಂದನೇದಾ, ಎರಡನೇದಾ, ಅಂತ ಕೇಳ್ತೀವಿ. ಯಾವ ಗಾಜು ಅಂತ ಹೇಳಲ್ಲ. ಇಲ್ಲೂ ಹಾಗೇ ಮಾಡೋಣ. ನೀನು ಆರಿಸಿದ್ದೇ ಗೆದ್ರೆ ಅಮ್ಮ ಮತ್ತೆ ಬಾಯಿ ತೆಗೆಯೋ ಹಾಗಿಲ್ಲ."

ಈ ಕೊನೆಯ ಮಾತಿಗೆ ಮೇಸ್ತ್ರಿ ಕರಗಿದ.

ಭಾನುವಾರ ಬೆಳಿಗ್ಗೆ ವಾಲ್ವಣ್ಣ ಬಂದ. ಟೈಲರಮ್ಮ ಕೋಟಿನ ಒಳಪದರಕ್ಕೆ ತಂದಿದ್ದ ತೆಳು ಬಟ್ಟೆಯನ್ನು ಹಗ್ಗಕ್ಕೆ ಹಾಕಿ ಎರಡು ಜೊತೆ ಸ್ಪೀಕರುಗಳ ಮುಂದೆ ಪರದೆ ಕಟ್ಟಿದಳು. ಪರದೆಯ ಹಿಂದೆ ವಾಲ್ವಣ್ಣ ವೈರು ಬದಲಿಸುವುದು, ಮಗಳು ನಿಂತು ಪ್ರಶ್ನೆ ಕೇಳುವುದು, ಉಳಿದ ಮೂವರು ಸಾಲಾಗಿ ಕುರ್ಚಿಯಲ್ಲಿ ಕೂರುವುದು ಎಂದಾಯಿತು.

ಮೊದಲು ಆಂಪ್ಲಿಫೈಯರ್.

"ಒಂದನೇದಾ, ಎರಡನೇದಾ?"

"ಎರಡನೇದು," ಎಂದಳು ಅಜ್ಜಿ. "ಈಗ ಆ ಹೆಣ್ಣು ಊಟ ಮಾಡಿ ಬಂದಿದ್ದಾಳೆ."

"ಎರಡನೇದು," ಎಂದಳು ಟೈಲರಮ್ಮ.

ಮೇಸ್ತ್ರಿ ಗದ್ದ ಕೆರೆದುಕೊಂಡ. ಮೂರು ಸಲ ಬದಲಿಸಿ ಕೇಳಿಸಿದ ಮೇಲೆ, "ಎರಡನೇದರಲ್ಲಿ ಸ್ವಲ್ಪ ತೂಕ ಇದೆ, ಒಪ್ಕೊಂಡೆ," ಎಂದ. ಎರಡನೆಯದು ಬ್ರೆಡ್ಡಿನ ಡಬ್ಬಿ ಎಂದು ತಿಳಿದಾಗ ಅವನಿಗೆ ನಗುವೇ ಬಂತು. "ಇಷ್ಟು ಪುಟಾಣಿಯಾ! ಹಾಗಾದ್ರೆ ಆ ಎಮ್ಮೇನ ಹೊತ್ಕೊಂಡು ಬಂದು ನಾನು ಸೊಂಟ ಹಿಡಿಸ್ಕೊಂಡಿದ್ದು ದಂಡಕ್ಕಾ?"

ಎಲ್ಲರೂ ನಕ್ಕರು. ಟೈಲರಮ್ಮ ಚಹಾ ಮಾಡಿ ತಂದಳು. ಕೋಣೆಯಲ್ಲಿ ಹಬ್ಬದಂಥ ಗೆಲುವಿತ್ತು. ಆಮೇಲೆ ಸ್ಪೀಕರಿನ ಸರದಿ ಬಂತು.

ಮರಿ ಇರುವ ಜೊತೆ ಒಂದು ಸಲ, ಮರಿ ಇಲ್ಲದ ಜೊತೆ ಒಂದು ಸಲ. ಹೆಂಗಸರಿಬ್ಬರೂ ಮೆತ್ತಗಿನದನ್ನೇ ಆರಿಸಿದರು. ಮೇಸ್ತ್ರಿ ಚುಚ್ಚುವುದನ್ನು ಆರಿಸಿದ. ಮಗಳು ಸರದಿ ಅದಲು ಬದಲು ಮಾಡಿದಳು. ಮತ್ತೆ ಅದೇ. ಐದು ಸಲ ಮಾಡಿದರೂ ಮೇಸ್ತ್ರಿ ಒಂದು ಸಲವೂ ತಪ್ಪದೆ ಅದೇ ಜೊತೆಯನ್ನು ಹಿಡಿದ. "ಇನ್ನೊಂದರ ಮೇಲೆ ಕಂಬಳಿ ಹೊದಿಸಿದ್ದೀರಾ?" ಎಂದೂ ಕೇಳಿದ.

ಮಗಳ ಮುಖದಲ್ಲಿದ್ದ ನಗು ಸಣ್ಣದಾಯಿತು. ಅವಳು ಪರದೆಯ ಹಿಂದೆ ಹೋಗಿ ವಾಲ್ವಣ್ಣನ ಹತ್ತಿರ ಏನೋ ಹೇಳಿ ಬಂದಳು. "ಈಗ ಬೇರೆ ರೆಕಾರ್ಡು. ಇದರಲ್ಲಿ ಮಧ್ಯೆ ಒಂದು ಕಿರುಗಂಟೆ ಬಾರಿಸ್ತಾರೆ. ಅದು ಶುರುವಾದ ಕೂಡ್ಲೇ ಕೈ ಎತ್ತಿ."

ಮೆತ್ತಗಿನ ಸ್ಪೀಕರಿನಲ್ಲಿ ಪಿಟೀಲು ಶುರುವಾಯಿತು. ಸ್ವಲ್ಪ ಹೊತ್ತಿಗೆ, ದೂರದಲ್ಲಿ ಯಾರೋ ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಹಾಗೆ, ಗಂಟೆ. ಅಜ್ಜಿಯ ಕೈ ಮೇಲೆ ಹೋಯಿತು. ಟೈಲರಮ್ಮನ ಕೈ ಮೇಲೆ ಹೋಯಿತು. ಪರದೆಯ ಮೇಲಿಂದ ವಾಲ್ವಣ್ಣನ ಕೈಯೂ ಕಾಣಿಸಿತು. ಮೇಸ್ತ್ರಿ ಒಬ್ಬೊಬ್ಬರ ಕೈಯನ್ನೂ ನೋಡಿದ.

"ಯಾವ ಗಂಟೆ?" ಎಂದ.

ಗಂಟೆ ಬಾರಿಸುತ್ತಲೇ ಇತ್ತು.

"ನಾನು ಆರಿಸಿದ್ದರಲ್ಲಿ ಹಾಕಿ, ಅದರಲ್ಲಿ ಕೇಳುತ್ತೆ," ಎಂದ ಮೇಸ್ತ್ರಿ. ಹಾಕಿದರು. ಈ ಸಲ ಅವನೂ ಕೈ ಎತ್ತಿದ. ಆದರೆ ಅಜ್ಜಿಯ ಕೈ ಮೇಲೆ ಹೋದದ್ದನ್ನು ಓರೆಗಣ್ಣಿನಲ್ಲಿ ನೋಡಿದ ಮೇಲೆ ಎತ್ತಿದ. ಅದನ್ನು ಟೈಲರಮ್ಮ ಕಂಡಳು. ಅವಳು ಕಂಡದ್ದನ್ನು ಅವನೂ ಕಂಡ.

ಮೇಸ್ತ್ರಿ ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋದ. ವಾಲ್ವಣ್ಣ ವೈರು ಸುತ್ತುತ್ತಾ, "ಆ ಗದ್ದಲದಲ್ಲಿ ದುಡಿದು ದುಡಿದು ಮಗ್ಗದ ಮನೆಯವರಲ್ಲಿ ಬಹಳ ಜನಕ್ಕೆ ಹೀಗೇ ಆಗುತ್ತೆ ತಾಯಿ. ದಪ್ಪ ಸದ್ದು ಕೇಳುತ್ತೆ, ಸಣ್ಣದು ಹೋಗಿಬಿಟ್ಟಿರುತ್ತೆ. ಅದಕ್ಕೇ ಚುಚ್ಚೋದು ಅವರಿಗೆ ಸ್ಪಷ್ಟ," ಎಂದ. "ನಾನು ಅಂಗಡೀಲೇ ಊಹಿಸ್ಬೇಕಿತ್ತು."

ಅಂಗಡಿಯವನೇ ಊಹಿಸಬೇಕಿತ್ತು ಎಂದರೆ ಹೆಂಡತಿ? ಟೈಲರಮ್ಮ ಪರದೆ ಬಿಚ್ಚಿ ಮಡಿಸುತ್ತಾ ನಿಂತಳು. ಕೊಡೆ ತಗೊಂಡು ಹೋಗಿ ಅಂದರೆ ಕೊಡೆ ಬಿಟ್ಟು ಹೋದ ದಿನಗಳು. ತಂಗಿಗೆ ಮೈ ಹುಷಾರಿಲ್ಲ ಅಂದಾಗ, "ಒಳ್ಳೇದಾಯ್ತು" ಎಂದದ್ದು. ಆ ಒಂದು ಮಾತಿಗೆ ಅವಳು ಒಂದು ತಿಂಗಳು ಮುಖ ಕೊಟ್ಟು ಮಾತಾಡಿರಲಿಲ್ಲ. ಎಷ್ಟು ವರ್ಷದ ಸಿಟ್ಟನ್ನು ಒಂದೊಂದಾಗಿ ಮಡಿಸಿ ಇಟ್ಟುಕೊಂಡಿದ್ದಳು! ಈಗ ಆ ಗಂಟನ್ನು ಯಾರ ಮೇಲೆ ಎಸೆಯಬೇಕು ಎಂದು ತಿಳಿಯಲಿಲ್ಲ. ಅಳು ಬಂತು, ಅದರ ಹಿಂದೆಯೇ, ಒಂದು ಮಾತು ಹೇಳಬಾರದಿತ್ತೇ ಈ ಮನುಷ್ಯ ಎಂದು ಹೊಸ ಸಿಟ್ಟೂ ಬಂತು.

ಮುಂದಿನ ಐದು ದಿನ ಮನೆಯಲ್ಲಿ ಹಾಡಿಲ್ಲ. ಮೇಸ್ತ್ರಿ ಸ್ಪೀಕರುಗಳ ಮೇಲೆ ಹಳೇ ಚಾದರ ಹೊದಿಸಿದ. ಬೆಳಿಗ್ಗೆ ತಿಂಡಿ ತಿಂದು ಹೋದವನು ಊಟದ ಹೊತ್ತಿಗೆ ಬರುತ್ತಿದ್ದ. ಟೈಲರಮ್ಮನ ಸಮವಸ್ತ್ರಗಳು ಸರಸರ ಮುಗಿದವು. ಬೇಕೆಂದ ಮೌನ ಸಿಕ್ಕಿತ್ತು, ಆದರೆ ಅದು ಮೈಗೆ ಸರಿಯಾಗಿ ಕೂರದ ಅಂಗಿಯ ಹಾಗೆ ಎಲ್ಲೆಂದರಲ್ಲಿ ಹಿಡಿಯುತ್ತಿತ್ತು.

"ನಿನ್ನ ಮಾವನಿಗೂ ಹೀಗೇ ಆಗಿತ್ತು," ಎಂದಳು ಅಜ್ಜಿ ಒಂದು ಮಧ್ಯಾಹ್ನ. "ಅವರೂ ಅದೇ ಮಗ್ಗದ ಮನೆ. ನಾನು ಎದುರಿಗೆ ನಿಂತು, ತುಟಿ ಅಗಲ ಮಾಡಿ, ಕೈಯಲ್ಲಿ ತೋರಿಸಿ ಮಾತಾಡ್ತಿದ್ದೆ. ಆ ಶೆಡ್ಡಲ್ಲಿ ಎಲ್ರೂ ಹಾಗೇ ಮಾತಾಡೋದು."

"ಇದನ್ನ ಮೊದಲೇ ಹೇಳೋದಲ್ವಾ ಅತ್ತೆ?"

"ಅವನು ನನ್ನ ಜೊತೆ ಸರಿಯಾಗೇ ಮಾತಾಡ್ತಾನಲ್ಲೇ. ನಾನು ಅವನ ಮುಖ ನೋಡ್ಕೊಂಡು ಕೂತಿರ್ತೀನಿ. ನೀನು ಯಾವಾಗ್ಲೂ ಗೋಡೆ ಕಡೆ ಮುಖ ಹಾಕಿ ಹೊಲೀತಾ ಇರ್ತೀಯ."

ಟೈಲರಮ್ಮ ತನ್ನ ಹೊಲಿಗೆ ಯಂತ್ರವನ್ನು ನೋಡಿದಳು. ನಿಜ. ಇಪ್ಪತ್ತಾರು ವರ್ಷದಿಂದ ಅದರ ಮುಖ ಗೋಡೆಗೆ, ಅವಳ ಬೆನ್ನು ಮನೆಗೆ. ಅತ್ತೆಯ ಕುರ್ಚಿಯನ್ನು ಸ್ವಲ್ಪ ಸರಿಸಿ, ಯಂತ್ರವನ್ನು ಎಳೆದು ತಂದು ಕಿಟಕಿಯ ಪಕ್ಕ, ಕೋಣೆಗೆ ಮುಖ ಮಾಡಿ ಇಟ್ಟಳು. ಬೆಳಕು ಎಡಗಡೆಯಿಂದ ಬಂದು ಸೂಜಿಯ ಮೇಲೆಯೇ ಬಿತ್ತು. ಇಷ್ಟು ವರ್ಷ ಯಾಕೆ ಹೀಗೆ ಇಡಲಿಲ್ಲ ಎಂದು ಅವಳಿಗೇ ನಾಚಿಕೆಯಾಯಿತು. ಯಂತ್ರ ಬಿಟ್ಟ ಜಾಗಕ್ಕೆ ಸ್ಪೀಕರುಗಳು ಹೋದವು, ಮೇಜು ನಡುವಿಗೆ ವಾಪಸ್ಸು ಬಂತು, ನಾಲ್ಕೂ ಕಡೆ ಕೈ ಆಡಿತು. ಆಮೇಲೆ ಚಾದರ ತೆಗೆದು, ಮೆತ್ತಗಿನ ಸ್ಪೀಕರುಗಳಿಗೆ ಚಿಕ್ಕ ಆಂಪ್ಲಿಫೈಯರ್ ಜೋಡಿಸಿ, ಟ್ರಂಕಿನಿಂದ ಕೈಗೆ ಸಿಕ್ಕ ರೆಕಾರ್ಡು ಹಾಕಿ ಕೂತಳು.

ಊಟಕ್ಕೆ ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತ.

ಅವಳು ಅವನ ಮುಖ ನೋಡಿ, ನಿಧಾನವಾಗಿ ಹೇಳಿದಳು. "ಬನ್ನಿ. ಕೂತ್ಕೊಳ್ಳಿ. ಎಷ್ಟು ಕೇಳುತ್ತೋ ಅಷ್ಟು ಕೇಳಿ."

ಅವನು ಕೂತ. ಒಂದು ಹಾಡು ಮುಗಿಯಿತು. ಆಮೇಲೆ ತನ್ನ ಕೈ ನೋಡಿಕೊಳ್ಳುತ್ತಾ ಹೇಳಿದ: "ಮಾತು ಕೇಳುತ್ತೆ ಕಣೇ. ಪದ ಸಿಗಲ್ಲ. ಕಿವಿಗೆ ಇಟ್ಕೊಳ್ಳಿ ಅಂತ ಕಂಪನಿಯವರು ಬೆಣೆ ಕೊಟ್ಟಿದ್ರು. ಇಟ್ಕೊಂಡ್ರೆ ದಾರ ಹರಿದಾಗ ಮಗ್ಗದ ಸದ್ದು ಬದಲಾಗೋದು ಗೊತ್ತಾಗ್ತಿರ್ಲಿಲ್ಲ. ದಾರ ಹರಿದ್ರೆ ಬಟ್ಟೆ ಕೆಡುತ್ತೆ. ತೆಗೆದು ಜೇಬಿಗೆ ಹಾಕ್ಕೊಂಡ್ವಿ, ಎಲ್ರೂ."

"ಇಷ್ಟು ದಿನ ಹೇಳ್ಲಿಲ್ಲ."

"ಏನಂತ ಹೇಳ್ಲಿ? ನಿಧಾನಕ್ಕೆ ಹೋಗಿದ್ದು. ಎಲ್ರೂ ಗೊಣಗೋದು ಕಲಿತಿದ್ದಾರೆ ಅಂದ್ಕೊಂಡಿದ್ದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಅವತ್ತು ಬೇಯಿಸಿದ ಮೊಟ್ಟೆಯ ಜೊತೆ ಒಂದು ತುತ್ತು ಹೆಚ್ಚಾಗಿಯೇ ಉಂಡ.

ಆಸ್ಪತ್ರೆಗೆ ಇಬ್ಬರೂ ಜೊತೆಯಲ್ಲೇ ಹೋದರು. ಗಾಜಿನ ಗೂಡಿನೊಳಗೆ ಮೇಸ್ತ್ರಿಯನ್ನು ಕೂರಿಸಿ ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಹೊರಗಿನಿಂದ ಟೈಲರಮ್ಮ ನೋಡುತ್ತಿದ್ದಳು. ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು, ಹರಿಯುವ ದಾರಕ್ಕಾಗಿ ಕಾಯುವವನ ಹಾಗೆ, ಉಸಿರು ಬಿಗಿಹಿಡಿದು ಕೂತಿದ್ದ. ಕಾಗದದ ಮೇಲಿನ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು ಅಲ್ಲಿಂದ ಬಾವಿಗೆ ಬಿದ್ದಿತ್ತು. ಹೋದದ್ದು ವಾಪಸ್ಸು ಬರುವುದಿಲ್ಲ, ಆದರೆ ಕಿವಿಗೆ ಯಂತ್ರ ಹಾಕಿಕೊಂಡರೆ ಮಾತು ಬಹಳಷ್ಟು ಸಿಗುತ್ತದೆ ಎಂದರು ಡಾಕ್ಟರಮ್ಮ.

ಮನೆಗೆ ಬಂದ ಮೇಲೆ ಮೇಸ್ತ್ರಿ ಮೊಂಡು ಹಿಡಿದ. "ಕಿವಿಗೆ ಯಂತ್ರ ಸಿಕ್ಕಿಸ್ಕೊಂಡು ಓಡಾಡೋಕೆ ನಾನೇನು ಮುದುಕನಾ?"

"ಮುದುಕಿ ನಾನು," ಎಂದಳು ಅಜ್ಜಿ. "ನೀನು ನನ್ನ ಹುಡುಗ. ಹಾಕ್ಕೋ ಅಂದ್ರೆ ಹಾಕ್ಕೋಬೇಕು."

ಯಂತ್ರ ಹಾಕಿಕೊಂಡ ಮೊದಲ ವಾರ ಸುಲಭವಾಗಿರಲಿಲ್ಲ. ಪಾತ್ರೆ ತೊಳೆದರೆ ಗುಡುಗು ಬಂದಂತೆ ಬೆಚ್ಚುತ್ತಿದ್ದ. ತಾನೇ ನಡೆಯುವ ಸದ್ದಿಗೆ ಎರಡು ಸಲ ಹಿಂದೆ ತಿರುಗಿ ನೋಡಿದ. ಒಂದು ದಿನ ತೆಗೆದು ಟ್ರಂಕಿನಲ್ಲಿಟ್ಟ, ಮರುದಿನ ಮಗಳು ಹುಡುಕಿ ತಂದು ಮತ್ತೆ ಹಾಕಿಸಿದಳು. ಎರಡನೇ ವಾರದ ಒಂದು ಬೆಳಿಗ್ಗೆ ಟೈಲರಮ್ಮ ಅಡುಗೆಮನೆಯಲ್ಲಿ ಒದ್ದೆ ಟವೆಲ್ ಎತ್ತಿಕೊಂಡು, "ಇದನ್ನ ಒಣಗಿಹಾಕೋಕೂ ಮೇಸ್ತ್ರಿಗೆ ಕೂಲಿ ಕೊಡ್ಬೇಕೇನೋ," ಎಂದು ತನ್ನಷ್ಟಕ್ಕೆ ತಾನು ಹೇಳಿಕೊಂಡಳು.

"ಕೊಡು, ನಾನೇ ಒಣಗಿಹಾಕ್ತೀನಿ," ಎಂದಿತು ಮುಂದಿನ ಕೋಣೆ.

ಅವಳು ಟವೆಲ್ ಹಿಡಿದುಕೊಂಡೇ ನಿಂತಳು. ಅಜ್ಜಿ ಕಿಸಕ್ಕನೆ ನಕ್ಕಳು. "ಹೋಯ್ತಲ್ಲೇ ಸೊಸೆ! ಇನ್ಮೇಲೆ ಗಂಡನ್ನ ಬೈಬೇಕಾದ್ರೆ ಬೀದಿಗೆ ಹೋಗಿ ಬೈಬೇಕು."

ಅದೇ ವಾರ ಮೇಸ್ತ್ರಿ ತಾನಾಗಿಯೇ ತನ್ನ ಹಳೇ ಜೊತೆಯನ್ನು ಹಾಕಿ ಕೇಳಿದ. ಮೊದಲ 'ಸ'ಕ್ಕೇ ಕುರ್ಚಿಯಿಂದ ಎದ್ದುಬಿಟ್ಟ. "ಅಯ್ಯಪ್ಪ! ಇದನ್ನ ಎರಡು ವಾರ ಹೇಗೆ ಸಹಿಸ್ಕೊಂಡ್ರಿ?" ಮಧ್ಯಾಹ್ನಕ್ಕೇ ಅದು ವಾಲ್ವಣ್ಣನ ಅಂಗಡಿಗೆ ಮರಳಿತು. ನೂರು ವಾಟಿನ ಎಮ್ಮೆ ಮಗಳು ಓದಿದ ಶಾಲೆಯ ಮೈದಾನಕ್ಕೆ ಹೋಯಿತು, ಅಲ್ಲಿ ಅದಕ್ಕೆ ತಕ್ಕ ಕೆಲಸವಿತ್ತು.

ಆಮೇಲೊಂದು ರಜಾದಿನ ಮಗ್ಗದ ಮನೆಯ ನಾಲ್ವರು ಹಳೇ ಗೆಳೆಯರನ್ನು ಮೇಸ್ತ್ರಿ ಮನೆಗೆ ಕರೆದ. ಇಬ್ಬರು ನಿವೃತ್ತರಾದವರು, ಇಬ್ಬರು ಇನ್ನೂ ಕೆಲಸದಲ್ಲಿದ್ದವರು. ಬೀದಿಯ ತಿರುವಿನಿಂದಲೇ ಅವರ ಮಾತು ಕೇಳಿಸುತ್ತಿತ್ತು. ಟೈಲರಮ್ಮ ಮೇಜಿನ ಮೇಲಿನ ಬಟ್ಟೆ ತೆಗೆದು ಚಹಾ, ಬ್ರೆಡ್ಡು, ಹಣ್ಣು ಇಟ್ಟಳು. ಮಿಲ್ಲಿನಲ್ಲಿ ನೇಯುವ ಕಂಬಳಿಯ ಲೆಕ್ಕದಿಂದ ಹಿಡಿದು ಹೊಸ ಮ್ಯಾನೇಜರನ ನಡಿಗೆಯವರೆಗೆ ಎಲ್ಲ ಸುದ್ದಿ ಕೂಗಾಟದಲ್ಲೇ ನಡೆಯಿತು. ಅಜ್ಜಿ ಎರಡು ಕಿವಿಗೂ ಸೆರಗು ಒತ್ತಿಕೊಂಡು ಖುಷಿಯಿಂದ ಕೂತಿದ್ದಳು.

ಮೇಸ್ತ್ರಿ ಒಂದು ರೆಕಾರ್ಡು ಹಾಕಿದ. ನಾಲ್ವರೂ ಸುಮ್ಮನಾದರು. ಮೊದಲು ದೊಡ್ಡ ವಾದ್ಯಗಳು, ತಮಟೆಯಂಥ ಬಡಿತ, ಗಂಡಸರ ಗುಂಪಿನ ಹಾಡು. ಅವರ ತಲೆಗಳು ತೂಗಿದವು, ಒಬ್ಬ ತೊಡೆಯ ಮೇಲೆ ತಾಳ ಹಾಕಿದ. ಹಾಡು ನಿಧಾನವಾಗಿ ಇಳಿಯುತ್ತಾ ಬಂತು. ವಾದ್ಯಗಳು ಒಂದೊಂದಾಗಿ ನಿಂತು, ಕೊನೆಗೆ ಒಂದೇ ಒಂದು ಕೊಳಲು, ಎತ್ತರದಲ್ಲಿ, ಎಳೆಯಷ್ಟು ಸಣ್ಣಗೆ ಉಳಿಯಿತು.

"ಆಹಾ!" ಎಂದು ಒಬ್ಬ ಕೈ ತಟ್ಟಿದ. "ಚೆನ್ನಾಗಿತ್ತು ಮೇಸ್ತ್ರಿ! ಮುಗಿದಿದ್ದೇ ಗೊತ್ತಾಗ್ಲಿಲ್ಲ!"

"ಇನ್ನೊಂದು ಹಾಕು!" ಎಂದ ಮತ್ತೊಬ್ಬ. ಉಳಿದಿಬ್ಬರು ಆಗಲೇ ಬ್ರೆಡ್ಡಿಗೆ ಕೈ ಹಾಕಿ ಜೋರಾಗಿ ಮಾತಿಗೆ ಶುರುಮಾಡಿದ್ದರು.

ಕೊಳಲು ನುಡಿಯುತ್ತಲೇ ಇತ್ತು.

ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ಅವಳೂ ಅವನನ್ನೇ ನೋಡುತ್ತಿದ್ದಳು. ಇಡೀ ಗದ್ದಲದ ನಡುವೆ ಇಬ್ಬರೂ ಅದನ್ನು ಕೊನೆಯ ಉಸಿರಿನವರೆಗೆ ಕೇಳಿದರು. ಆಮೇಲೆ ಮೇಸ್ತ್ರಿ ರೆಕಾರ್ಡಿನ ಮುಳ್ಳು ಎತ್ತಿಟ್ಟು, ಕುರ್ಚಿಯನ್ನು ಎಳೆದುಕೊಂಡು ಗೆಳೆಯರ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ. ಕಿವಿಯ ಯಂತ್ರ ಕಾಣುವಂತೆ ತಲೆ ಓರೆ ಮಾಡಿ ತೋರಿಸಿದ. ಶೆಡ್ಡಿನಲ್ಲಿ ಪಾಳಿ ಹಂಚುವಾಗ ಮಾಡುತ್ತಿದ್ದ ಹಾಗೆ ಬೆರಳೆತ್ತಿ, ತುಟಿ ಅಗಲ ಮಾಡಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ:

"ಸೋಮವಾರ. ಬೆಳಿಗ್ಗೆ ಹತ್ತು ಗಂಟೆ. ಆಸ್ಪತ್ರೆ ಬಾಗಿಲು. ನಾನೂ ಬರ್ತೀನಿ."

"ಏನು?" ಎಂದ ನಾಲ್ಕನೆಯವನು.

ಮೇಸ್ತ್ರಿ ಸಿಡುಕಲಿಲ್ಲ. ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಮೊದಲಿನಿಂದ ಮತ್ತೆ ಹೇಳಿದ.